ಸ್ಪ್ಯಾನಿಷ್ ಕಲಿಯಲು ಇಂಗ್ಲಿಷ್ ದಾರಿಯೇ ಬೇಕೆ?

ಪ್ರಶ್ನೆ: ನಾನು ಹೊನ್ನಾವರದವಳು, ಕುಮಟಾದಲ್ಲಿ ಪದವಿ ಓದುತ್ತಿದ್ದೇನೆ. ಮನೆಮಾತು ಕೊಂಕಣಿ, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಕೆಲವು ತಿಂಗಳಿಂದ ನಾನೂ ಭಟ್ಕಳದ ಗೆಳತಿಯೊಬ್ಬಳೂ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇವೆ. ಅವಳ ಮನೆಮಾತು ನವಾಯತಿ. ಪದಗಳು ತಲೆಗೆ ಹತ್ತುತ್ತವೆ, ಆದರೆ ಸರ್ವನಾಮ ಮತ್ತು ಕ್ರಿಯಾಪದದ ರೂಪಗಳು ಬಂದಾಗ ಎಲ್ಲವೂ ಕಲಸಿಹೋಗುತ್ತದೆ. ಪಾಠಗಳೆಲ್ಲ ಇಂಗ್ಲಿಷಿನಲ್ಲಿವೆ, ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೊದಲು ಇಂಗ್ಲಿಷ್ ಸರಿಮಾಡಿಕೊಂಡು ಆಮೇಲೆ ಸ್ಪ್ಯಾನಿಷ್‌ಗೆ ಕೈಹಾಕಬೇಕೆ?

ಉತ್ತರ: ಬೇಡ. ಇಂಗ್ಲಿಷ್ ಬೇರೆ ಹತ್ತು ಕೆಲಸಕ್ಕೆ ಬೇಕು, ಅದನ್ನು ಖಂಡಿತ ಕಲಿಯಿರಿ. ಸ್ಪ್ಯಾನಿಷ್‌ಗೆ ಹೋಗಲು ಮಾತ್ರ ಅದರ ಮೂಲಕವೇ ಹಾಯಬೇಕಿಲ್ಲ. ನಿಮ್ಮ ಗೊಂದಲದ ಹೆಚ್ಚಿನ ಪಾಲು ಹುಟ್ಟಿರುವುದು ಸ್ಪ್ಯಾನಿಷ್‌ನಿಂದಲ್ಲ, ಪ್ರತಿಯೊಂದನ್ನೂ ಇಂಗ್ಲಿಷಿನ ಪಕ್ಕದಲ್ಲಿಟ್ಟು ವಿವರಿಸುವ ಪಾಠಗಳಿಂದ. ‘ಇಲ್ಲಿ ಎಚ್ಚರ, ಇದು ವಿಶೇಷ’ ಎಂದು ಆ ಪಾಠಗಳು ಕೆಂಪು ಅಕ್ಷರದಲ್ಲಿ ತೋರಿಸುವ ಎಷ್ಟೋ ಸಂಗತಿಗಳನ್ನು ನೀವು ಹುಟ್ಟಿದಾಗಿನಿಂದ ಕನ್ನಡದಲ್ಲೋ ಕೊಂಕಣಿಯಲ್ಲೋ ಆಡುತ್ತಲೇ ಬಂದಿದ್ದೀರಿ. ನಿಮ್ಮ ಪತ್ರಕ್ಕೆ ಇಷ್ಟು ಉದ್ದದ ಉತ್ತರ ಬರೆಯುತ್ತಿರುವುದೂ ಅದಕ್ಕಾಗಿಯೇ. ಭಟ್ಕಳ, ಹೊನ್ನಾವರ, ಕುಮಟಾದ ಕಡೆ ಎರಡು ಮೂರು ಭಾಷೆ ಬಾಯಲ್ಲಿರುವ ಮಕ್ಕಳು ‘ನಮಗೆ ವ್ಯಾಕರಣ ಬರುವುದಿಲ್ಲ’ ಎಂದು ಹಿಂಜರಿಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ವ್ಯಾಕರಣ ನಿಮ್ಮ ನಾಲಗೆಯ ಮೇಲೇ ಇದೆ. ಅದನ್ನು ಎಲ್ಲೆಲ್ಲಿ ಸ್ಪ್ಯಾನಿಷ್‌ಗೆ ಜೋಡಿಸಬೇಕು ಎಂಬುದಷ್ಟೇ ತಿಳಿಯಬೇಕು.

ಮೊದಲು ಉಚ್ಚಾರಣೆ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದಗಳಂತೆ ಹಲ್ಲಿಗೆ ತಾಗುವವು. ‘ನೀನು’ ಎಂಬ ಅರ್ಥದ ಪದ ‘ತು’, ‘ಟು’ ಅಲ್ಲ. ಕ, ತ, ಪಗಳಲ್ಲಿ ಮಹಾಪ್ರಾಣದ ಉಸಿರಿಲ್ಲ. ‘ಹ’ ಎಂದು ಬರೆದ ಅಕ್ಷರ ಮೌನ, ‘ಜ’ ಎಂದು ಕಾಣುವ ಅಕ್ಷರದ ಉಚ್ಚಾರ ‘ಹ’ಕ್ಕೆ ಹತ್ತಿರ. ವಕಾರವನ್ನು ಬಕಾರವಾಗಿಯೇ ನುಡಿಯುತ್ತಾರೆ. ‘ವನ’ ನಮ್ಮಲ್ಲಿ ‘ಬನ’ವಾದ ಹಾಗೆ. ತಲೆಯ ಮೇಲೆ ಅಲೆಗೆರೆ ಹೊತ್ತ ‘ನ’ ಅಕ್ಷರ ನಮ್ಮ ವರ್ಣಮಾಲೆಯ ‘ಞ’. ಹಾಗಾಗಿ ಟಿಪ್ಪಣಿ ಪುಸ್ತಕದಲ್ಲಿ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಇಲ್ಲಿ ನಾನೂ ಹಾಗೆಯೇ ಬರೆದಿದ್ದೇನೆ.

ಈಗ ಸರ್ವನಾಮ. ಕೋಷ್ಟಕ ತೆರೆಯುವ ಮೊದಲೇ ಒಂದು ಎಡವಟ್ಟು ನಿವಾರಿಸಿಕೊಳ್ಳಿ. ಶಾಲೆಯ ಕನ್ನಡ ವ್ಯಾಕರಣದಲ್ಲಿ ‘ಪ್ರಥಮ ಪುರುಷ’ ಎಂದರೆ ಅವನು, ಅವಳು, ಅದು. ‘ನಾನು’ ಉತ್ತಮ ಪುರುಷ. ಸ್ಪ್ಯಾನಿಷ್ ಪುಸ್ತಕದಲ್ಲಿ ಒಂದನೇ ಪುರುಷ ಎಂದರೆ ‘ನಾನು’, ಮೂರನೆಯದು ‘ಅವನು’. ಕನ್ನಡದಲ್ಲಿ ಚೆನ್ನಾಗಿ ವ್ಯಾಕರಣ ಕಲಿತವರೇ ಇಲ್ಲಿ ತಲೆಕೆಳಗಾಗುತ್ತಾರೆ.

ನಾನು ಎಂಬುದಕ್ಕೆ ‘ಯೊ’, ನೀನು ‘ತು’, ಅವನು ‘ಎಲ್’, ಅವಳು ‘ಎಯಾ’. ನಾವು ‘ನೊಸೋತ್ರೊಸ್’, ಬರೀ ಹೆಂಗಸರಿದ್ದರೆ ‘ನೊಸೋತ್ರಾಸ್’. ಅವರು ‘ಎಯೊಸ್’, ಅವರೆಲ್ಲ ಹೆಂಗಸರಾದರೆ ‘ಎಯಾಸ್’. ಗೌರವದ ನೀವು ‘ಉಸ್ತೆದ್’, ಅದರ ಬಹುವಚನ ‘ಉಸ್ತೆದೆಸ್’. ಸ್ಪೇನಿನಲ್ಲಿ ಸಲುಗೆಯ ಬಹುವಚನಕ್ಕೆ ‘ಬೊಸೋತ್ರೊಸ್’ ಎಂಬುದು ಬೇರೆಯೇ ಇದೆ. ಲ್ಯಾಟಿನ್ ಅಮೆರಿಕದಲ್ಲಿ ಅದನ್ನು ಬಳಸುವುದಿಲ್ಲ, ಆರಂಭದಲ್ಲಿ ನೀವೂ ಬಿಟ್ಟುಬಿಡಬಹುದು. ಕೊಂಕಣಿಯ ‘ತೂಂ’ ಮತ್ತು ಸ್ಪ್ಯಾನಿಷ್‌ನ ‘ತು’ ಒಂದೇ ಮೂಲದಿಂದ ಬಂದವು. ಎರಡೂ ಇಂಡೋ-ಯುರೋಪಿಯನ್ ಕುಟುಂಬದ ಭಾಷೆಗಳು.

‘ಉಸ್ತೆದ್’ ಅಂದರೆ ಎದುರಿಗಿರುವ ವ್ಯಕ್ತಿ, ಆದರೆ ಕ್ರಿಯಾಪದ ಮಾತ್ರ ‘ಅವನು/ಅವಳು’ ರೂಪದ್ದು. ಕಲಿಯುವವರು ಇಲ್ಲೇ ಹೆಚ್ಚು ತೊಡಕಿಗೆ ಬೀಳುತ್ತಾರೆ. ಇದನ್ನು ನಿಮ್ಮ ಭಟ್ಕಳದ ಗೆಳತಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅವಳಿಗೆ ಉರ್ದು ಬರುತ್ತಿದ್ದರೆ ಅವಳೇ ನಿಮಗೆ ಹೇಳಿಕೊಟ್ಟಾಳು. ‘ಆಪ್ ಆತೇ ಹೈಂ’ ಎನ್ನುವಾಗ ‘ಆಪ್’ ಎಂದರೆ ನೀವು, ಕ್ರಿಯಾಪದ ಮಾತ್ರ ‘ಅವರು ಬರುತ್ತಾರೆ’ ಎನ್ನುವಾಗ ಬರುವ ರೂಪವೇ. ಗೌರವ ಕೊಡಲು ಎದುರಿನವರನ್ನು ದೂರದವರಂತೆ ಸಂಬೋಧಿಸುವ ಪದ್ಧತಿ ಅದು. ‘ನಿಮ್ಮ ಕೃಪೆ’ ಎಂಬರ್ಥದ ಹಳೆಯ ಸ್ಪ್ಯಾನಿಷ್ ಗೌರವವಾಚಕವೇ ಸವೆದು ‘ಉಸ್ತೆದ್’ ಆಗಿದೆ. ‘ಕೃಪೆ’ಗೆ ಹೊಂದುವ ಕ್ರಿಯಾಪದ ‘ಅದು ಮಾಡುತ್ತದೆ’ ಎಂಬಂಥದ್ದೇ ಅಲ್ಲವೆ? ಕಾರಣ ತಿಳಿದರೆ ಉರುಹೊಡೆಯುವ ಶ್ರಮ ತಪ್ಪುತ್ತದೆ.

ಇನ್ನು ಕ್ರಿಯಾಪದ. ಸ್ಪ್ಯಾನಿಷ್ ಕ್ರಿಯಾಪದಗಳು ಮೂಲರೂಪದಲ್ಲಿ ‘ಆರ್’, ‘ಎರ್’, ‘ಇರ್’ ಎಂದು ಮೂರು ಬಗೆಯಲ್ಲಿ ಮುಗಿಯುತ್ತವೆ. ‘ಆಬ್ಲಾರ್’ ಮಾತಾಡು, ‘ಕೊಮೆರ್’ ತಿನ್ನು, ‘ಬಿಬಿರ್’ ಬಾಳು. ಬಾಲವನ್ನು ತೆಗೆದು ಪ್ರತ್ಯಯ ಹಚ್ಚಿದರೆ ಆಯಿತು. ಆಬ್ಲೊ, ಆಬ್ಲಾಸ್, ಆಬ್ಲಾ, ಆಬ್ಲಾಮೊಸ್, ಆಬ್ಲಾನ್: ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾನೆ ಅಥವಾ ಮಾತಾಡುತ್ತಾಳೆ, ಮಾತಾಡುತ್ತೇವೆ, ಮಾತಾಡುತ್ತಾರೆ. ಕನ್ನಡದ ಏನೆ, ಈಯ, ಆನೆ, ಏವೆ, ಆರೆ ಮಾಡುವ ಕೆಲಸವನ್ನೇ ಅಲ್ಲಿನ ಒ, ಆಸ್, ಆ, ಆಮೊಸ್, ಆನ್ ಮಾಡುತ್ತವೆ. ಪ್ರತ್ಯಯವೇ ಯಾರೆಂದು ಹೇಳುವುದರಿಂದ ‘ಯೊ’, ‘ತು’ಗಳನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ‘ನಾಳೆ ಬರುತ್ತೇನೆ’ ಎನ್ನುವಾಗ ನಾವು ‘ನಾನು’ ಸೇರಿಸುತ್ತೇವೆಯೇ? ಸೇರಿಸಿದರೆ ‘ಬೇರೆಯವರಲ್ಲ, ನಾನೇ’ ಎಂಬ ಒತ್ತು ಬರುತ್ತದೆ. ಸ್ಪ್ಯಾನಿಷ್‌ನಲ್ಲಿಯೂ ಅಷ್ಟೇ. ಇಂಗ್ಲಿಷಿನ ಮೂಲಕ ಕಲಿತವರು ವಾಕ್ಯಕ್ಕೊಂದು ‘ಯೊ’ ಸೇರಿಸುತ್ತ ಹೋಗುತ್ತಾರೆ, ಕೇಳುವವರಿಗೆ ‘ನಾನು, ನಾನು’ ಎಂದು ಎದೆ ತಟ್ಟಿಕೊಂಡಂತೆ ಕೇಳುತ್ತದೆ.

ಒಂದು ಕಡೆ ಮಾತ್ರ ಕನ್ನಡ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಮಾತಾಡಿದನು, ಮಾತಾಡಿದಳು ಎಂದು ಕ್ರಿಯಾಪದದಲ್ಲೇ ಲಿಂಗ ಗೊತ್ತಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಅವನಿಗೂ ಅವಳಿಗೂ ‘ಆಬ್ಲಾ’ ಒಂದೇ. ಇಲ್ಲಿ ಕೊಂಕಣಿಯ ಕೈಹಿಡಿಯಿರಿ. ‘ತೊ ಯೆತಾ, ತಿ ಯೆತಾ’ ಎನ್ನುತ್ತೀರಲ್ಲ, ವರ್ತಮಾನದಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ರೂಪ. ಭೂತಕಾಲಕ್ಕೆ ಬಂದಾಗ ‘ಆಯ್ಲೊ, ಆಯ್ಲಿ’ ಎಂದು ಕೊಂಕಣಿಯಲ್ಲಿ ಬೇರೆಯಾಗುತ್ತದೆ, ಸ್ಪ್ಯಾನಿಷ್‌ನಲ್ಲಿ ಆಗಲೂ ಒಂದೇ.

ಈಗ ನನಗೆ ಬಹಳ ಇಷ್ಟವಾದ ಭಾಗ. ಸ್ಪ್ಯಾನಿಷ್ ಕಲಿಯುವ ಇಂಗ್ಲಿಷ್ ಮಾತಿನವರು ‘ಮೆ ಗುಸ್ತಾ’ ಎಂಬ ಎರಡು ಪದಕ್ಕೆ ವಾರಗಟ್ಟಲೆ ಹೆಣಗುತ್ತಾರೆ. ಅವರ ಭಾಷೆಯಲ್ಲಿ ‘ನಾನು ಮೀನನ್ನು ಇಷ್ಟಪಡುತ್ತೇನೆ’ ಎಂಬಂತೆ ‘ನಾನು’ ಕರ್ತೃ. ಸ್ಪ್ಯಾನಿಷ್‌ನಲ್ಲಿ ‘ಮೆ ಗುಸ್ತಾ ಎಲ್ ಪೆಸ್ಕಾದೊ’. ಪದಕ್ಕೆ ಪದ ಇಟ್ಟರೆ ‘ನನಗೆ ಇಷ್ಟವಾಗುತ್ತದೆ ಮೀನು’. ಚತುರ್ಥಿ ವಿಭಕ್ತಿಯ ‘ನನಗೆ’ ಅದೇ, ಕರ್ತೃವಾಗಿ ನಿಂತ ಮೀನು ಅದೇ. ಮಾವಿನಹಣ್ಣುಗಳಾದರೆ ‘ಮೆ ಗುಸ್ತಾನ್ ಲೊಸ್ ಮಾಂಗೊಸ್’, ಇಷ್ಟವಾಗುತ್ತವೆ ಎಂದು ಕ್ರಿಯಾಪದ ಬಹುವಚನಕ್ಕೆ ಹೋಗುತ್ತದೆ. ‘ಮೆ ದುಏಲೆ ಲಾ ಕಬೇಸಾ’ ಎಂದರೆ ನನಗೆ ತಲೆ ನೋಯುತ್ತದೆ. ‘ಮೆ ಪರೇಸೆ’ ಎಂದರೆ ನನಗೆ ಅನ್ನಿಸುತ್ತದೆ. ಕೊಂಕಣಿಯ ‘ಮಾಕಾ’ ಕೂಡ ಇದೇ ಸ್ಥಾನದಲ್ಲಿ ನಿಲ್ಲುತ್ತದೆ.

ಆದರೆ ಸಲುಗೆ ಸಿಕ್ಕಿತೆಂದು ಎಲ್ಲ ಕಡೆ ‘ನನಗೆ’ ಎಂದುಕೊಂಡು ‘ಮೆ’ ಹಾಕಬೇಡಿ. ನನಗೆ ಬೇಕು ‘ಕಿಯೇರೊ’, ನನಗೆ ಗೊತ್ತು ‘ಸೆ’, ನನಗೆ ಹಸಿವೆ ‘ತೆಂಗೊ ಆಂಬ್ರೆ’. ಈ ಮೂರರಲ್ಲೂ ‘ನಾನು’ ಕರ್ತೃ. ಕೊನೆಯದರಲ್ಲಂತೂ ‘ಹಸಿವೆಯನ್ನು ಹೊಂದಿದ್ದೇನೆ’ ಎಂಬ ಕಟ್ಟು. ಬಾಯಾರಿಕೆ, ನಿದ್ದೆ, ಚಳಿ, ಹೆದರಿಕೆ, ವಯಸ್ಸು ಎಲ್ಲಕ್ಕೂ ‘ತೆಂಗೊ’ ಬೇಕು. ಇದನ್ನು ಪ್ರತ್ಯೇಕವಾಗಿ ಬಾಯಿಪಾಠ ಮಾಡಿ.

ಕರ್ಮವಾಗಿ ಬರುವ ಸರ್ವನಾಮಗಳಿಗೆ ಬರೋಣ, ಅಂದರೆ ನನ್ನನ್ನು, ನಿನಗೆ, ಅದನ್ನು ಎಂಬಂಥವು. ನಿಮ್ಮ ಪಾಠಗಳಲ್ಲಿ ಈ ಅಧ್ಯಾಯಕ್ಕೆ ಬಾಣದ ಗುರುತು, ಬಣ್ಣ, ಚಿತ್ರ ಎಲ್ಲ ಇರುತ್ತದೆ. ನಿಮಗೆ ಅದಾವುದೂ ಬೇಡ. ‘ತೆ ಲೊ ದೋಯ್’. ‘ತೆ’ ನಿನಗೆ, ‘ಲೊ’ ಅದನ್ನು, ‘ದೋಯ್’ ಕೊಡುತ್ತೇನೆ. ನಿನಗೆ ಅದನ್ನು ಕೊಡುತ್ತೇನೆ! ಪದಕ್ಕೆ ಪದ, ಅದೇ ಅನುಕ್ರಮ, ಕ್ರಿಯಾಪದ ಕೊನೆಯಲ್ಲಿ, ಕರ್ತೃ ಪ್ರತ್ಯಯದಲ್ಲೇ ಅಡಗಿದೆ. ‘ಮೆ ಲೊ ದಿಯೋ’ ಎಂದರೆ ನನಗೆ ಅದನ್ನು ಕೊಟ್ಟನು ಅಥವಾ ಕೊಟ್ಟಳು. ಇಂಥ ಇಪ್ಪತ್ತು ವಾಕ್ಯಗಳನ್ನು ಕನ್ನಡದಲ್ಲಿ ಮೊದಲು ಬರೆದು ಕೆಳಗೆ ಸ್ಪ್ಯಾನಿಷ್ ಬರೆಯಿರಿ, ಈ ಅಧ್ಯಾಯ ನಿಮಗೆ ಒಲಿಯುತ್ತದೆ. ಎರಡು ವ್ಯತ್ಯಾಸ ಗಮನಿಸಿ. ಅವನಿಗೆ, ಅವಳಿಗೆ ಎಂಬ ‘ಲೆ’ ಮುಂದೆ ‘ಲೊ’ ಬಂದರೆ ‘ಲೆ’ ಹೋಗಿ ‘ಸೆ’ ಆಗುತ್ತದೆ: ‘ಸೆ ಲೊ ದೋಯ್’, ಅವಳಿಗೆ ಅದನ್ನು ಕೊಡುತ್ತೇನೆ. ಇನ್ನು, ಕರ್ಮ ಸರ್ವನಾಮವಲ್ಲದೆ ಪುಸ್ತಕ, ಮೀನು, ಬಸ್ಸು ಎಂಬ ನಾಮಪದವಾದರೆ ಅದು ಸಾಮಾನ್ಯವಾಗಿ ಕ್ರಿಯಾಪದದ ನಂತರಕ್ಕೆ ಸರಿಯುತ್ತದೆ: ‘ಕೊಮೊ ಪೆಸ್ಕಾದೊ’, ತಿನ್ನುತ್ತೇನೆ ಮೀನು.

ಮೀನಿನ ಮಾತು ಬಂತು, ಅದರಿಂದಲೇ ಇನ್ನೊಂದು ಸೂಕ್ಷ್ಮ ಹೇಳುತ್ತೇನೆ. ಪೇಟೆಯಿಂದ ‘ಮೀನು ತಂದೆ’ ಎನ್ನುತ್ತೇವೆ, ‘ಮೀನನ್ನು ತಂದೆ’ ಎಂದು ಮಾತಿನಲ್ಲಿ ಯಾರೂ ಅನ್ನುವುದಿಲ್ಲ. ಆದರೆ ತಂಗಿಯ ವಿಷಯ ಬಂದಾಗ ‘ತಂಗಿಯನ್ನು ಕರಕೊಂಡು ಬಂದೆ’; ‘ತಂಗಿ ಕರಕೊಂಡು ಬಂದೆ’ ಎಂದರೆ ತಪ್ಪು. ವಸ್ತುವಾದರೆ ದ್ವಿತೀಯಾ ವಿಭಕ್ತಿ ಬಿಟ್ಟರೂ ನಡೆದೀತು, ಮನುಷ್ಯರಾದರೆ ಅದು ಬೇಕೇ ಬೇಕು. ಸ್ಪ್ಯಾನಿಷ್‌ನಲ್ಲಿ ಈ ‘ಅನ್ನು’ವಿನ ಕೆಲಸಕ್ಕೆ ‘ಆ’ ಎಂಬ ಪುಟ್ಟ ಪದವಿದೆ. ‘ತ್ರಾಹೆ ಪೆಸ್ಕಾದೊ’ ಮೀನು ತಂದೆ, ‘ತ್ರಾಹೆ ಆ ಮಿ ಎರ್ಮಾನಾ’ ನನ್ನ ತಂಗಿಯನ್ನು ಕರಕೊಂಡು ಬಂದೆ. ಇಂಗ್ಲಿಷಿನಲ್ಲಿ ಇದಕ್ಕೆ ಜೋಡಿಯೇ ಇಲ್ಲ, ಆ ದಾರಿಯಿಂದ ಬಂದವರು ಇದನ್ನು ವರ್ಷಗಟ್ಟಲೆ ಮರೆಯುತ್ತಾರೆ.

ಕೊಂಕಣಿಯವರಾದ ನಿಮಗೆ ಇದರಲ್ಲಿ ಇನ್ನೂ ಹೆಚ್ಚಿನ ಲಾಭವಿದೆ. ಸ್ಪ್ಯಾನಿಷ್‌ನ ಇದೇ ‘ಆ’ ಚತುರ್ಥಿಗೂ ಬರುತ್ತದೆ. ‘ತಂಗಿಗೆ ಕೊಟ್ಟೆ’ ಎಂಬಲ್ಲಿಯೂ ‘ಆ ಮಿ ಎರ್ಮಾನಾ’. ಕನ್ನಡದಲ್ಲಿ ‘ಅನ್ನು’ ಬೇರೆ, ‘ಗೆ’ ಬೇರೆ. ಕೊಂಕಣಿಯಲ್ಲಿ ‘ರಾಮಾಕ್’ ಎಂದರೆ ರಾಮನಿಗೆ ಎಂದೂ ಆಗುತ್ತದೆ, ರಾಮನನ್ನು ಎಂದೂ ಆಗುತ್ತದೆ. ಜೀವವಿರುವ ಕರ್ಮಕ್ಕೂ ಪಡೆಯುವವನಿಗೂ ಒಂದೇ ಪ್ರತ್ಯಯ. ಸ್ಪ್ಯಾನಿಷ್‌ನಲ್ಲಿ ಇರುವುದೂ ಇದೇ. ನವಾಯತಿಯೂ ಕೊಂಕಣಿಯ ಬಳಗದ ಮಾತು. ಅರಬ್ಬಿ, ಪಾರ್ಸಿ ಪದಗಳನ್ನು ತುಂಬಿಕೊಂಡು ಅರಬ್ಬಿ ಮೂಲದ ಲಿಪಿಯಲ್ಲಿ ಬರೆಯುವ ಭಾಷೆ ಅದು. ನಿಮ್ಮ ಗೆಳತಿ ಈ ವಾಕ್ಯಗಳನ್ನು ತನ್ನ ಮನೆಮಾತಿನಲ್ಲಿ ಹೇಳಿಕೊಂಡು ಎಲ್ಲೆಲ್ಲಿ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ಗುರುತು ಹಾಕಿಕೊಳ್ಳಲಿ.

ಭೂತಕಾಲ ಎರಡು ಇವೆ ಎಂದು ಹೆದರಿಸುತ್ತಾರೆ. ನಮ್ಮಲ್ಲಿಯೂ ಇವೆ. ‘ಬೀನೆ’ ಬಂದೆ, ‘ಬೆನೀಯಾ’ ಬರುತ್ತಿದ್ದೆ. ‘ಚಿಕ್ಕವಳಿದ್ದಾಗ ದಿನಾ ಪೇಟೆಗೆ ಹೋಗುತ್ತಿದ್ದೆ’ ಎಂಬಲ್ಲಿ ನೀವು ಯೋಚಿಸದೆ ‘ಹೋಗುತ್ತಿದ್ದೆ’ ಬಳಸುತ್ತೀರಿ. ಅಲ್ಲಿ ‘ಈಬಾ’ ಹಾಕಿ. ‘ನಿನ್ನೆ ಪೇಟೆಗೆ ಹೋದೆ’ ಎಂಬಲ್ಲಿ ‘ಫುಯ್’. ಬಂದಿದ್ದೇನೆ ಎನ್ನಲು ‘ಎ ಬೆನೀದೊ’, ಬಂದಿದ್ದೆ ಎನ್ನಲು ‘ಆಬೀಯಾ ಬೆನೀದೊ’. ನಮ್ಮ ‘ಇರು’ ಸಹಾಯಕ್ಕೆ ಬಂದಂತೆ ಅಲ್ಲಿ ಇನ್ನೊಂದು ಕ್ರಿಯಾಪದ ಸಹಾಯಕ್ಕೆ ಬರುತ್ತದೆ. ಕಷ್ಟವಿರುವುದು ಕಿವಿಗೆ: ‘ಆಬ್ಲೊ’ ಎಂದು ಮೊದಲಕ್ಷರದ ಮೇಲೆ ಒತ್ತು ಹಾಕಿದರೆ ಮಾತಾಡುತ್ತೇನೆ, ‘ಆಬ್ಲೋ’ ಎಂದು ಕೊನೆಯಲ್ಲಿ ಒತ್ತಿದರೆ ಮಾತಾಡಿದನು. ಬರಹದಲ್ಲಿ ಅದಕ್ಕೊಂದು ಓರೆಗೀಟು ಇರುತ್ತದೆ, ಅದನ್ನು ಅಲಂಕಾರವೆಂದು ಬಿಡಬೇಡಿ. ಮುಂದೆ ಎಂದೋ ಬರುವ ಸಂಭಾವನಾ ರೂಪಗಳ ಅಧ್ಯಾಯಕ್ಕೂ ಒಂದು ಕೀಲಿ ಈಗಲೇ ಇಟ್ಟುಕೊಳ್ಳಿ: ‘ಕೆ ಬೆಂಗಾ’ ಎಂದರೆ ‘ಬರಲಿ ಎಂದು’. ನಮ್ಮ ‘ಅಲಿ’ ಪ್ರತ್ಯಯ ಎಲ್ಲಿ ಬರುತ್ತದೋ ಅಲ್ಲಿ ಬಹಳ ಸಲ ಆ ರೂಪ ಬರುತ್ತದೆ.

ಅನಿಯತ ಕ್ರಿಯಾಪದಗಳಿಗೆ ನಿಮ್ಮ ತಾಲ್ಲೂಕಿನ ಇತಿಹಾಸವೇ ಒಂದು ನೆನಪಿನ ಗುರುತು ಕೊಡುತ್ತದೆ. ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ರೈನ್ಯಾ ದ ಪಿಮೆಂತಾ’, ಕಾಳುಮೆಣಸಿನ ರಾಣಿ, ಎಂದು ಕರೆದರು. ಕುಮಟಾ ತಾಲ್ಲೂಕಿನ ಮಿರ್ಜಾನ ಕೋಟೆಗೆ ಹೋದವರೆಲ್ಲ ಈ ಹೆಸರು ಕೇಳಿರುತ್ತಾರೆ. ಅದೇ ಬಿರುದನ್ನು ಸ್ಪ್ಯಾನಿಷ್‌ಗೆ ತಂದರೆ ‘ಲಾ ರೇಯ್ನಾ ದೆ ಲಾ ಪಿಮಿಯೆಂತಾ’. ಪೋರ್ಚುಗೀಸಿನ ‘ಮೆಂ’ ಸ್ಪ್ಯಾನಿಷ್‌ನಲ್ಲಿ ‘ಮಿಯೆಂ’ ಆಗಿದೆ. ಲ್ಯಾಟಿನ್‌ನ ಹ್ರಸ್ವ ಎಕಾರಕ್ಕೆ ಒತ್ತು ಬಿದ್ದಾಗ ಸ್ಪ್ಯಾನಿಷ್‌ನಲ್ಲಿ ಅದು ‘ಇಯೆ’ ಎಂದು ಒಡೆಯಿತು, ಒಕಾರ ‘ಉಎ’ ಆಯಿತು. ‘ಕೆರೆರ್’ ಎಂಬ ಕ್ರಿಯಾಪದ ‘ಕಿಯೇರೊ’ ಆಗುವುದು, ‘ಸಾಧ್ಯವಾಗು’ ಎಂಬರ್ಥದ ‘ಪೊದೆರ್’ ‘ಪುಏದೊ’ ಆಗುವುದು ಇದೇ ನಿಯಮದಿಂದ. ‘ನಾವು’ ರೂಪದಲ್ಲಿ ಒತ್ತು ಪ್ರತ್ಯಯಕ್ಕೆ ಜಾರುತ್ತದೆ, ಹಾಗಾಗಿ ‘ಕೆರೇಮೊಸ್’, ‘ಪೊದೇಮೊಸ್’ ಎಂದು ಧಾತು ಒಡೆಯದೆ ಉಳಿಯುತ್ತದೆ. ನಿಮ್ಮೂರಿಗೆ ಸ್ಪೇನಿನ ನಂಟೂ ಇದೆ: ಹೊನ್ನಾವರದ ಕೋಟೆ 1569ರಲ್ಲಿ ಪೋರ್ಚುಗೀಸರ ಕೈಸೇರಿತ್ತು. 1580ರಿಂದ 1640ರವರೆಗೆ ಪೋರ್ಚುಗಲ್ಲಿಗೂ ಸ್ಪೇನಿಗೂ ಒಬ್ಬನೇ ದೊರೆ. ಕಾಳುಮೆಣಸಿನ ರಾಣಿಯ ಕಾಲದಲ್ಲೇ ಶರಾವತಿಯ ಅಳಿವೆಯ ಬಳಿ ಸ್ಪೇನಿನ ಅರಸನ ಹೆಸರಿನಲ್ಲಿ ವ್ಯವಹಾರ ನಡೆದಿದೆ. ನಿಮ್ಮ ಕರಾವಳಿಯ ಬಾಲ್ದಿ, ತುವಾಲು, ಪಾದ್ರಿ ಪೋರ್ಚುಗೀಸಿನಿಂದ ಬಂದವು. ಸ್ಪ್ಯಾನಿಷ್‌ನಲ್ಲಿ ಅವು ಬಾಲ್ದೆ, ತೊಆಯಾ, ಪಾದ್ರೆ.

ಕನ್ನಡವೂ ಕೊಂಕಣಿಯೂ ಅರ್ಧ ಮಾತ್ರ ನೆರವಾಗುವ ಜಾಗ ‘ಇರು’ ಕ್ರಿಯಾಪದದ್ದು. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ‘ಸೆರ್’, ‘ಎಸ್ತಾರ್’ ಎಂದು ಎರಡಿವೆ. ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದೆ ವಾಕ್ಯ ಮುಗಿದರೆ ಸೆರ್: ನಾನು ವಿದ್ಯಾರ್ಥಿನಿ, ‘ಸೋಯ್ ಎಸ್ತುದಿಯಾಂತೆ’. ಇದ್ದೇನೆ, ಇದೆ ಬೇಕೇ ಬೇಕಾದರೆ ಎಸ್ತಾರ್: ಕುಮಟಾದಲ್ಲಿದ್ದೇನೆ, ‘ಎಸ್ತೋಯ್ ಎನ್ ಕುಮಟಾ’. ‘ಮನೆ ದೊಡ್ಡದಾಗಿದೆ’ ಎಂಬಂಥದ್ದು ಬಂದಾಗ ‘ಮನೆ ದೊಡ್ಡದು’ ಎಂದು ಹೇಳಿ ನೋಡಿ. ಹಾಗೆ ಹೇಳಲು ಬಂದರೆ ಸೆರ್. ‘ಬಾಗಿಲು ಮುಚ್ಚಿದೆ’ ಎಂಬುದನ್ನು ಹಾಗೆ ತಿರುಗಿಸಲು ಬರುವುದಿಲ್ಲ, ಅದು ಎಸ್ತಾರ್. ಎಲ್ಲ ವಾಕ್ಯಗಳಿಗೂ ಈ ಪರೀಕ್ಷೆ ನಿಲ್ಲುವುದಿಲ್ಲ, ಮೊದಲ ವರ್ಷಕ್ಕೆ ಸಾಕು. ‘ಆಯ್’ ಎಂಬ ಮೂರನೆಯದೊಂದಿದೆ. ‘ಮಿರ್ಜಾನದಲ್ಲಿ ಒಂದು ಕೋಟೆ ಇದೆ’ ಎಂದು ಹೊಸ ಸಂಗತಿ ತಿಳಿಸುವಾಗ ‘ಆಯ್’. ‘ಕೋಟೆ ಮಿರ್ಜಾನದಲ್ಲಿದೆ’ ಎಂದು ಗೊತ್ತಿರುವ ಕೋಟೆಯ ಜಾಗ ಹೇಳುವಾಗ ‘ಎಸ್ತಾ’. ಕನ್ನಡದ ಪದಗಳ ಅನುಕ್ರಮವೇ ಯಾವುದೆಂದು ಸೂಚಿಸುತ್ತದೆ.

ನಾಮಪದಗಳ ಲಿಂಗವೂ ಅಷ್ಟೇ. ಕನ್ನಡದಲ್ಲಿ ವಸ್ತುಗಳೆಲ್ಲ ನಪುಂಸಕ. ಕೊಂಕಣಿಯಲ್ಲಿ ವಸ್ತುಗಳಿಗೂ ಲಿಂಗವಿದೆ, ಗುಣವಾಚಕ ಅದಕ್ಕೆ ಹೊಂದುತ್ತದೆ. ಕಾಳೊ, ಕಾಳಿ, ಕಾಳೆಂ ಎನ್ನುವ ನಿಮಗೆ ‘ನೇಗ್ರೊ’, ‘ನೇಗ್ರಾ’ ಅಚ್ಚರಿಯಾಗಬಾರದು. ಹೊಂದಿಸುವ ಅಭ್ಯಾಸ ಕೊಂಕಣಿಯಿಂದ ಬಂದೀತು, ಯಾವ ಪದಕ್ಕೆ ಯಾವ ಲಿಂಗ ಎಂಬುದು ಮಾತ್ರ ಬರುವುದಿಲ್ಲ. ಕೊಂಕಣಿಯ ‘ಘರ್’ ನಪುಂಸಕ, ಸ್ಪ್ಯಾನಿಷ್‌ನ ‘ಕಾಸಾ’ ಸ್ತ್ರೀಲಿಂಗ. ಆದ್ದರಿಂದ ಪದವನ್ನು ಒಂಟಿಯಾಗಿ ಕಲಿಯಬೇಡಿ. ‘ಲಾ ಕಾಸಾ’, ‘ಎಲ್ ಲಿಬ್ರೊ’ ಎಂದೇ ಕಲಿಯಿರಿ.

ತನ್ನ ಭಾಷೆಯಿಂದ ಹೊರಟು ಇನ್ನೊಂದನ್ನು ಹಿಡಿಯುವುದು ಈ ಕರಾವಳಿಗೆ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ ಗೋವಾಕ್ಕೆ ಬಂದ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಕೊಂಕಣಿಗೆ ಬರೆದ ವ್ಯಾಕರಣ, ಅವನ ಮರಣಾನಂತರ, 1640ರಲ್ಲಿ ಗೋವಾದ ರಾಚೋಲಿನಲ್ಲಿ ಅಚ್ಚಾಯಿತು. ಅದನ್ನು ಬರೆದದ್ದು ಪೋರ್ಚುಗೀಸಿನಲ್ಲಿ. ಕಲಿಯುವ ಪಾದ್ರಿಗಳಿಗೆ ಗೊತ್ತಿದ್ದ ಭಾಷೆಯಿಂದ ಕೊಂಕಣಿಯ ವಿಭಕ್ತಿ, ಕ್ರಿಯಾರೂಪಗಳಿಗೆ ದಾರಿ ಮಾಡಿದ ಪುಸ್ತಕ ಅದು. ನೀವು ಅದೇ ದಾರಿಯಲ್ಲಿ ಎದುರು ದಿಕ್ಕಿನಿಂದ ನಡೆಯುತ್ತಿದ್ದೀರಿ, ಅಷ್ಟೇ.

ಮೊಬೈಲಿನ ಪಾಠ ನಿಲ್ಲಿಸಬೇಡಿ, ಅದರ ಪಕ್ಕದಲ್ಲಿ ಒಂದು ಇನ್ನೂರು ಪುಟದ ಪುಸ್ತಕ ಇಡಿ. ಎಡಗಡೆ ಕನ್ನಡ, ಬಲಗಡೆ ಸ್ಪ್ಯಾನಿಷ್, ನಡುವೆ ಕೊಂಕಣಿ ಕೂಡುವ ಕಡೆ ಕೊಂಕಣಿ. ಮೊದಲು ಸೆರ್, ಎಸ್ತಾರ್, ತೆನೆರ್ (ಹೊಂದಿರು), ಇರ್ (ಹೋಗು), ದಾರ್ (ಕೊಡು), ಕೆರೆರ್, ಪೊದೆರ್, ಬೆನಿರ್ (ಬರು) ಈ ಎಂಟು ಕ್ರಿಯಾಪದಗಳ ವರ್ತಮಾನ ರೂಪ ಬಾಯಿಗೆ ಬರಲಿ, ಭೂತಕಾಲ ಆಮೇಲೆ. ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿ ಒಪ್ಪಿಸಿ. ಎಷ್ಟು ಕಲಿತಿದ್ದೀರಿ ಎಂಬುದಕ್ಕೆ ಪ್ರಮಾಣಪತ್ರ ಬೇಕೆಂದಾಗ ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆಯ ದೆಲೆ ಪರೀಕ್ಷೆ ಇದೆ. ಎ1ರಿಂದ ಸಿ2ರವರೆಗೆ ಆರು ಹಂತ, 2009ರಲ್ಲಿ ದೆಹಲಿಯಲ್ಲಿ ತೆರೆದ ಕೇಂದ್ರದಿಂದ ವಿವರ ಸಿಗುತ್ತದೆ. ಆ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಉತ್ತರವೂ ಸ್ಪ್ಯಾನಿಷ್‌ನಲ್ಲಿಯೇ ಇರುತ್ತವೆ. ಎಲ್ಲಿಯೂ ನಿಮ್ಮ ಇಂಗ್ಲಿಷ್ ಎಷ್ಟೆಂದು ಕೇಳುವುದಿಲ್ಲ.